ನಗಿಸುತ್ತಾ ಓದಿಗೆ ಎಳೆದ ವಿಜ್ಞಾನದ ಕಥೆಗಳು



ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಎಂಟೊಂಬತ್ತು ವರ್ಷದ ಇಂಥ ಒಬ್ಬ ಹುಡುಗ ಇದ್ದೇ ಇರುತ್ತಾನೆ. ಹಳೆಯ ರೇಡಿಯೋ ಸಿಕ್ಕರೆ ಬಿಚ್ಚಿ ಹರಡುತ್ತಾನೆ. ಇರುವೆಗಳ ಸಾಲಿನ ಮುಂದೆ ಅರ್ಧ ಗಂಟೆ ಕುಕ್ಕರುಗಾಲಲ್ಲಿ ಕೂರುತ್ತಾನೆ. ಅವನು ಕೇಳುವ ಪ್ರಶ್ನೆಗಳಿಗೆ ದೊಡ್ಡವರಲ್ಲಿ ಉತ್ತರವಿರುವುದಿಲ್ಲ. ಆದರೆ ಕೈಗೊಂದು ಪುಸ್ತಕ ಕೊಟ್ಟ ಕೂಡಲೇ ಅವನಿಗೆ ಬಾಯಾರಿಕೆಯಾಗುತ್ತದೆ, ಹೊಟ್ಟೆ ನೋಯುತ್ತದೆ, ನಿದ್ದೆ ಬರುತ್ತದೆ. ಶಾಲೆಯ ಗ್ರಂಥಾಲಯದ ಅವಧಿಯಲ್ಲಿ ಅಂಥ ಮಕ್ಕಳನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಅವರು ಪುಟ ತಿರುವುತ್ತಾರೆ, ಓದುವುದಿಲ್ಲ. ತಿರುವುವ ವೇಗದಲ್ಲೇ ಅದು ಗೊತ್ತಾಗುತ್ತದೆ. "ಇವನಿಗೆ ಓದು ಹತ್ತುವುದಿಲ್ಲ" ಎಂದು ನಾವು ಬಹಳ ಬೇಗ ತೀರ್ಪು ಕೊಟ್ಟುಬಿಡುತ್ತೇವೆ. ನಾನೂ ಕೊಟ್ಟಿದ್ದೇನೆ.

ಇಂತಹ ಮಕ್ಕಳನ್ನು ಓದಿಗೆ ಒಲಿಸಿಕೊಳ್ಳಲು ಹೊರಟ ಒಂದು ಬಗೆಯ ಪುಸ್ತಕ ಕಳೆದ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಬೆಳೆಯಿತು. ತೆಳ್ಳಗಿನ ಪುಸ್ತಕ, ನೂರು ಪುಟದ ಆಚೀಚೆ. ದಪ್ಪ ಅಕ್ಷರ, ಒಂದು ಅಧ್ಯಾಯಕ್ಕೆ ನಾಲ್ಕೈದು ಪುಟ, ಹೆಚ್ಚುಕಡಿಮೆ ಪುಟಕ್ಕೊಂದು ಚಿತ್ರ. ಕಥೆಯ ವಸ್ತು ವಿಜ್ಞಾನ, ಆದರೆ ಧಾಟಿ ಹಾಸ್ಯ. ಪ್ರಯೋಗಾಲಯದಲ್ಲಿ ಏನೋ ಉಕ್ಕುತ್ತದೆ, ಏನೋ ಸಿಡಿಯುತ್ತದೆ, ಪ್ರಾಧ್ಯಾಪಕರ ಮೀಸೆ ಸುಡುತ್ತದೆ. ಓದಲು ತಡವರಿಸುವ ಮಗು ಒಂದು ಅಧ್ಯಾಯ ಮುಗಿಸಿದಾಗ "ನಾನೂ ಒಂದು ಅಧ್ಯಾಯ ಓದಿದೆ" ಎಂದು ಹೇಳಿಕೊಳ್ಳಬಹುದು. ಅಣ್ಣನ ಕೈಯಲ್ಲಿರುವ ದಪ್ಪ ಪುಸ್ತಕಕ್ಕೂ ತನ್ನ ಪುಸ್ತಕಕ್ಕೂ ಅಧ್ಯಾಯಗಳ ಲೆಕ್ಕದಲ್ಲಾದರೂ ಸಮಾನತೆ ಬಂತಲ್ಲ! ಈ ಪುಸ್ತಕಗಳ ಚರಿತ್ರೆಯಲ್ಲಿ ನಮಗೆ, ಅಂದರೆ ಶಾಲೆ ನಡೆಸುವವರಿಗೂ ಶಾಲೆಯಲ್ಲಿ ಕಲಿಯುವವರಿಗೂ, ತಿಳಿಯಬೇಕಾದದ್ದು ಸಾಕಷ್ಟಿದೆ ಎಂದು ನನ್ನ ನಂಬಿಕೆ.

ವಿದ್ಯೆಯ ಮಾತಿನಲ್ಲಿ ನಗುವನ್ನು ಬೆರೆಸುವುದು ಹೊಸ ಉಪಾಯವೇನಲ್ಲ. ಒಂಬತ್ತನೆಯ ಶತಮಾನದಲ್ಲಿ ಬಸ್ರಾ ನಗರದ ಅಲ್‌ ಜಾಹಿಝ್ ಏಳು ಸಂಪುಟಗಳ 'ಕಿತಾಬುಲ್ ಹಯವಾನ್' ಎಂಬ ಪ್ರಾಣಿಗಳ ಗ್ರಂಥವನ್ನು ಬರೆದ. ಗಂಭೀರ ವಿಷಯದ ನಡುನಡುವೆ ಚಾಟೂಕ್ತಿ, ನಗೆಕಥೆಗಳನ್ನು ಪೋಣಿಸಿದ. ಓದುಗ ಬೇಸರಪಡಬಾರದೆಂದೇ ಹೀಗೆ ಮಾಡುತ್ತಿದ್ದೇನೆ ಎಂದು ಗ್ರಂಥದೊಳಗೇ ಹೇಳಿಕೊಂಡ. 'ಜಾಹಿಝ್' ಎಂದರೆ ಉಬ್ಬುಗಣ್ಣಿನವನು ಎಂದರ್ಥ. ಅಡ್ಡಹೆಸರನ್ನೇ ಹೊತ್ತುಕೊಂಡು ನಡೆದ ಪಂಡಿತ ಹಾಸ್ಯಕ್ಕೆ ಅಂಜಲಿಲ್ಲ. ಆದರೆ ಅವನು ಬರೆದದ್ದು ಓದಿನಲ್ಲಿ ಪಳಗಿದ ದೊಡ್ಡವರಿಗಾಗಿ. ಅಕ್ಷರಕ್ಕೇ ಹೆದರುವ ಮಗುವಿಗಾಗಿ ಬರೆಯುವ ವಿದ್ಯೆ ಬಹಳ ತಡವಾಗಿ ಬಂತು.

ಅದರ ಆರಂಭಕ್ಕೆ ಒಂದು ವರ್ಷ ಗುರುತಿಸಬೇಕಾದರೆ ನಾನು 1954 ಎನ್ನುತ್ತೇನೆ. ಆ ವರ್ಷದ ಮೇ ತಿಂಗಳಲ್ಲಿ 'ಲೈಫ್' ಪತ್ರಿಕೆಯಲ್ಲಿ ಜಾನ್ ಹರ್ಸಿ ಒಂದು ಲೇಖನ ಬರೆದರು. ಹಿರೋಶಿಮಾದ ಅಣುಬಾಂಬ್ ದುರಂತವನ್ನು ಜಗತ್ತಿಗೆ ತಿಳಿಸಿದ ಅದೇ ಹರ್ಸಿ. ಅಮೆರಿಕದ ಮಕ್ಕಳು ಓದಿನಲ್ಲಿ ಹಿಂದೆ ಬೀಳುತ್ತಿರುವುದೇಕೆ ಎಂಬುದು ಅವರ ಪ್ರಶ್ನೆ. ಶಾಲೆಗಳ ಮೊದಲ ಓದಿನ ಪುಸ್ತಕಗಳಲ್ಲಿ ಡಿಕ್ ಮತ್ತು ಜೇನ್ ಎಂಬ ಅಣ್ಣತಂಗಿ ಇದ್ದರು. ಯಾವಾಗಲೂ ಶುಭ್ರ, ಯಾವಾಗಲೂ ವಿಧೇಯ, ನೋಡು ಓಡು ಎಂಬಷ್ಟೇ ಮಾತು. ಇಂಥ ಸಪ್ಪೆ ಪುಸ್ತಕ ಯಾವ ಮಗುವಿಗೆ ಬೇಕು ಎಂದು ಹರ್ಸಿ ಕೇಳಿದರು, ಡಾ. ಸ್ಯೂಸ್‌ರಂತಹ ಕಲ್ಪನಾಶೀಲರು ಯಾಕೆ ಬರೆಯಬಾರದು ಎಂದೂ ಸೂಚಿಸಿದರು. ಪ್ರಕಾಶನ ಸಂಸ್ಥೆಯೊಂದರ ವಿಲಿಯಂ ಸ್ಪಾಲ್ಡಿಂಗ್ ಆ ಸವಾಲನ್ನು ಸ್ಯೂಸ್‌ರ ಮುಂದಿಟ್ಟರು. 1957ರಲ್ಲಿ ಬಂದ 'ದಿ ಕ್ಯಾಟ್ ಇನ್ ದಿ ಹ್ಯಾಟ್' ಪುಸ್ತಕದಲ್ಲಿರುವ ಬೇರೆಬೇರೆ ಪದಗಳು ಒಟ್ಟು 236 ಮಾತ್ರ. ಅಷ್ಟರಲ್ಲೇ ಮನೆಯೆಲ್ಲ ಅಲ್ಲೋಲಕಲ್ಲೋಲ. ಸುಲಭವಾದದ್ದು ಸಪ್ಪೆಯಾಗಿಯೇ ಇರಬೇಕಿಲ್ಲ ಎಂಬುದು ಅಂದು ಸಿದ್ಧವಾಯಿತು.

ವಿಜ್ಞಾನದ ಕಡೆಯಿಂದಲೂ ಅದೇ ದಶಕದಲ್ಲಿ ಕೆಲಸ ಶುರುವಾಗಿತ್ತು. 1951ರಲ್ಲಿ ಎಲೆನ್ ಮೆಕ್‌ಗ್ರೆಗರ್ ಎಂಬ ಲೇಖಕಿ ಮಿಸ್ ಪಿಕರೆಲ್ ಎಂಬ ವಯಸ್ಸಾದ ಹೆಂಗಸನ್ನು ಮಂಗಳ ಗ್ರಹಕ್ಕೆ ಕಳಿಸಿದರು. ಪಿಕರೆಲ್‌ಗೆ ತನ್ನ ಹಸುವಿನ ಮೇಲೆ ಪ್ರಾಣ, ಬಾಹ್ಯಾಕಾಶದ ಮೇಲೆ ಏನೇನೂ ಆಸಕ್ತಿಯಿಲ್ಲ. ನಗು ಹುಟ್ಟುವುದೇ ಅಲ್ಲಿ.

ಇದಾದ ಐದು ವರ್ಷಕ್ಕೆ, 1956ರಲ್ಲಿ, ಡ್ಯಾನಿ ಡನ್ ಬಂದ. ಈ ಹುಡುಗನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಡ್ಯಾನಿಗೆ ತಂದೆಯಿಲ್ಲ. ತಾಯಿ ಪ್ರೊಫೆಸರ್ ಬುಲ್‌ಫಿಂಚ್ ಎಂಬ ವಿಜ್ಞಾನಿಯ ಮನೆಗೆಲಸ ನೋಡಿಕೊಳ್ಳುತ್ತಾಳೆ. ಹೀಗೆ ಮನೆಗೆಲಸದವಳ ಮಗನಿಗೆ ಪ್ರಯೋಗಾಲಯದ ಬಾಗಿಲು ತೆರೆದಿದೆ! ಮುಟ್ಟಬಾರದ್ದನ್ನು ಮುಟ್ಟುವುದು ಅವನ ಚಾಳಿ. ಮೊದಲ ಪುಸ್ತಕದಲ್ಲಿ ಗುರುತ್ವಾಕರ್ಷಣೆಗೆ ಎದುರಾದ ಬಣ್ಣವೊಂದು ಅವನ ಎಡವಟ್ಟಿನಿಂದಲೇ ಹುಟ್ಟುತ್ತದೆ. 1958ರ 'ಹೋಂವರ್ಕ್ ಮಷೀನ್' ಪುಸ್ತಕದಲ್ಲಿ ಪ್ರೊಫೆಸರರ ಕಂಪ್ಯೂಟರಿನಿಂದ ಮನೆಗೆಲಸದ ಲೆಕ್ಕಗಳನ್ನು ಮಾಡಿಸಿಕೊಳ್ಳುವ ಉಪಾಯ ಹೂಡುತ್ತಾನೆ. ಆದರೆ ಯಂತ್ರಕ್ಕೆ ಏನೂ ಗೊತ್ತಿಲ್ಲವಲ್ಲ. ಅದಕ್ಕೆ ಪಾಠಗಳನ್ನು ಉಣಿಸಬೇಕಾದರೆ ತಾನೇ ಮೊದಲು ಓದಬೇಕು, ಒಂದೊಂದೇ ಹೆಜ್ಜೆಯಾಗಿ ಬಿಡಿಸಬೇಕು. ಕೆಲಸ ತಪ್ಪಿಸಿಕೊಳ್ಳಲು ಹೋಗಿ ತರಗತಿಯ ಉಳಿದವರಿಗಿಂತ ಹೆಚ್ಚು ಕಲಿತುಬಿಡುತ್ತಾನೆ. ಕಂಪ್ಯೂಟರ್ ಎಂದರೆ ಕೋಣೆ ತುಂಬುವ ಯಂತ್ರವಾಗಿದ್ದ ಕಾಲದಲ್ಲಿ ಬರೆದ ಕಥೆ ಇದು. ಇಂದು ನಮ್ಮ ಮಕ್ಕಳ ಪ್ರಬಂಧಗಳನ್ನು ಮೊಬೈಲೇ ಬರೆದುಕೊಡುತ್ತಿರುವಾಗ ಇದನ್ನು ಓದಿದರೆ ನಗುವಿನ ಜೊತೆ ಸಣ್ಣ ಅಳುಕೂ ಆಗುತ್ತದೆ. ಯಾಕೆಂದರೆ ಈಗಿನ ಯಂತ್ರಕ್ಕೆ ಪಾಠ ಉಣಿಸುವ ಶ್ರಮ ಮಗುವಿಗಿಲ್ಲ.

ಅದೇ ಪುಸ್ತಕದಲ್ಲಿ ಐರಿನ್ ಎಂಬ ಹುಡುಗಿ ಬರುತ್ತಾಳೆ. ವಿಜ್ಞಾನಿಯಾಗಬೇಕೆಂಬುದು ಅವಳ ಹಂಬಲ. ಬುದ್ಧಿಯಲ್ಲಿ ಡ್ಯಾನಿಗೆ ಸರಿಸಾಟಿ. 1958ರ ಮಟ್ಟಿಗೆ ಇದು ಸಣ್ಣ ಮಾತಲ್ಲ.

ಡ್ಯಾನಿಯ ಕಥೆಗಳನ್ನು ಬರೆದವರು ಇಬ್ಬರು, ಜೇ ವಿಲಿಯಮ್ಸ್ ಮತ್ತು ರೇಮಂಡ್ ಅಬ್ರಾಶ್ಕಿನ್. ಅಬ್ರಾಶ್ಕಿನ್‌ರಿಗೆ ಸ್ನಾಯುಗಳು ಒಂದೊಂದಾಗಿ ಸೋಲುವ ಎ.ಎಲ್.ಎಸ್. ಎಂಬ ರೋಗ ತಗುಲಿತು, 1960ರಲ್ಲಿ ತೀರಿಕೊಂಡರು. ಸರಣಿ ಮಾತ್ರ 1977ರವರೆಗೆ ನಡೆದು ಹದಿನೈದು ಪುಸ್ತಕಗಳಾದವು. ವಿಲಿಯಮ್ಸ್ ಒಬ್ಬರೇ ಬರೆದ ಪುಸ್ತಕಗಳ ಮೇಲೂ ಗೆಳೆಯನ ಹೆಸರು ಕೊನೆಯವರೆಗೆ ಅಚ್ಚಾಗುತ್ತಲೇ ಇತ್ತು. ಮಕ್ಕಳ ನಗೆಪುಸ್ತಕದ ಹೊದಿಕೆಯ ಹಿಂದೆ ಇಂಥ ಸ್ನೇಹವೊಂದಿತ್ತೆಂದು ಅಂದಿನ ಪುಟ್ಟ ಓದುಗರಿಗೆ ಎಲ್ಲಿ ತಿಳಿಯಬೇಕು?

ಈ ನಡುವೆ ಜಗತ್ತಿನಲ್ಲಿ ದೊಡ್ಡದೊಂದು ಘಟನೆ ನಡೆದಿತ್ತು. 1957ರ ಅಕ್ಟೋಬರ್ 4ರಂದು ರಷ್ಯಾ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಅಮೆರಿಕ ಬೆಚ್ಚಿಬಿತ್ತು. ಮರುವರ್ಷವೇ ಶಾಲೆಗಳ ವಿಜ್ಞಾನ ಬೋಧನೆಗೆ ಸರಕಾರದ ಹಣ ಹರಿಯುವಂತೆ ಕಾನೂನು ಬಂತು. ವಿಜ್ಞಾನದ ಪುಸ್ತಕಗಳು ಕಪಾಟು ತುಂಬಿದವು. ಆದರೆ ಸರಕಾರಿ ಹಣ ಕಪಾಟನ್ನು ತುಂಬಿಸಬಲ್ಲದು, ಮಗುವಿನ ಕೈಯನ್ನು ಕಪಾಟಿನ ಕಡೆಗೆ ಚಾಚಿಸಲಾರದು. ಮುಂದಿನ ಮೂವತ್ತು ವರ್ಷ ಆ ಸಮಸ್ಯೆ ಹಾಗೆಯೇ ಉಳಿಯಿತು ಎನ್ನಬೇಕು.

1986ರಲ್ಲಿ ಜೊಆನ ಕೋಲ್ ಬರೆದು ಬ್ರೂಸ್ ಡೇಗನ್ ಚಿತ್ರ ಬಿಡಿಸಿದ 'ಮ್ಯಾಜಿಕ್ ಸ್ಕೂಲ್ ಬಸ್' ಹೊರಟಿತು. ವಿಚಿತ್ರ ಉಡುಪಿನ ಮಿಸ್ ಫ್ರಿಝಲ್ ಟೀಚರ್ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ನೀರಿನ ಹನಿಯೊಳಗೆ, ಭೂಮಿಯ ಗರ್ಭಕ್ಕೆ, ಮನುಷ್ಯನ ರಕ್ತನಾಳಕ್ಕೆ ನುಗ್ಗುತ್ತಾಳೆ. ಕೋಲ್‌ರಿಗೆ ಬಾಲ್ಯದಲ್ಲಿ ವಿಜ್ಞಾನ ಕಲಿಸಿದ ಒಬ್ಬ ಅಧ್ಯಾಪಿಕೆಯೇ ಈ ಪಾತ್ರಕ್ಕೆ ಮಾದರಿಯಂತೆ. ನನಗೆ ಬಹಳ ಹಿಡಿಸಿದ ಸಂಗತಿ ಬೇರೆ: ಪುಸ್ತಕದ ಕೊನೆಯ ಪುಟಗಳಲ್ಲಿ 'ಇದರಲ್ಲಿ ನಿಜವೆಷ್ಟು, ತಮಾಷೆಗೆ ಹೇಳಿದ್ದೆಷ್ಟು' ಎಂದು ಲೇಖಕಿ ತಾನೇ ಬಿಡಿಸಿಹೇಳುತ್ತಾರೆ. ಬಸ್ಸು ನೀರಿನ ಹನಿಯಷ್ಟು ಸಣ್ಣದಾಗಲಾರದು, ಆದರೆ ನೀರು ಶುದ್ಧವಾಗುವ ಬಗೆ ಮಾತ್ರ ಸತ್ಯ. ಮಗುವನ್ನು ನಗಿಸಬಹುದು, ಮೋಸಗೊಳಿಸಬಾರದು ಎಂಬ ಈ ಪ್ರಾಮಾಣಿಕತೆ ಎಲ್ಲ ಹಾಸ್ಯ ವಿಜ್ಞಾನದ ಪುಸ್ತಕಗಳಲ್ಲಿ ಕಾಣಸಿಗುವುದಿಲ್ಲ. ಮೊದಲು ಚಿತ್ರಪುಸ್ತಕಗಳಾಗಿದ್ದ ಇವು ಮುಂದೆ ಅಧ್ಯಾಯ ಪುಸ್ತಕಗಳ ರೂಪದಲ್ಲಿಯೂ ಬಂದವು. ಕೋಲ್ 2020ರಲ್ಲಿ, ಡೇಗನ್ 2024ರಲ್ಲಿ ನಿಧನರಾದರು.

ಬ್ರಿಟನ್ನಿನಲ್ಲಿ 1996ರಿಂದ ನಿಕ್ ಆರ್ನಲ್ಡ್‌ರ 'ಹಾರಿಬಲ್ ಸೈನ್ಸ್' ಸರಣಿ ಬಂತು. ಹೆಸರೇ 'ಭಯಂಕರ ವಿಜ್ಞಾನ'. ಕೀವು, ಸಿಂಬಳ, ಹುಳಹುಪ್ಪಟೆ ಎಂದು ದೊಡ್ಡವರು ಮೂಗು ಮುಚ್ಚಿಕೊಳ್ಳುವುದನ್ನೆಲ್ಲ ಮುಂದಿಟ್ಟುಕೊಂಡು ಶರೀರಶಾಸ್ತ್ರ, ಕೀಟಶಾಸ್ತ್ರ ಹೇಳುವುದು ಅದರ ಕ್ರಮ. ಅದು ಕಥೆಯಲ್ಲ, ಆದ್ದರಿಂದ ಇಲ್ಲಿ ಹೆಚ್ಚು ಹೇಳುವುದಿಲ್ಲ.

ಇನ್ನು ಡೇವ್ ಪಿಲ್ಕಿಯ ವಿಷಯಕ್ಕೆ ಬರೋಣ. ಪುಸ್ತಕದ ಹೆಸರನ್ನು ಇಂಥ ಸಂಚಿಕೆಯಲ್ಲಿ ಬರೆಯಲು ಸ್ವಲ್ಪ ಸಂಕೋಚವೇ ಆಗುತ್ತದೆ. 'ಕ್ಯಾಪ್ಟನ್ ಅಂಡರ್‌ಪ್ಯಾಂಟ್ಸ್', ಅಂದರೆ ಚಡ್ಡಿ ನಾಯಕ ಎನ್ನಬಹುದು. ಹಿರಿಯರು ಕ್ಷಮಿಸಬೇಕು.

ಪಿಲ್ಕಿ ಹುಟ್ಟಿದ್ದು 1966ರಲ್ಲಿ, ಓಹಿಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ಒಂದು ಕಡೆ ಕೂರಲಾಗದ, ಗಮನ ನಿಲ್ಲದ ತೊಂದರೆ ಅವನಿಗಿತ್ತು. ಅದರ ಮೇಲೆ ಡಿಸ್ಲೆಕ್ಸಿಯಾ, ಎಂದರೆ ಬುದ್ಧಿಗೆ ಕೊರತೆಯಿಲ್ಲದಿದ್ದರೂ ಅಕ್ಷರಗಳನ್ನು ಬಿಡಿಸಿ ಓದುವುದು ಬಹು ಪ್ರಯಾಸವಾಗುವ ಸ್ಥಿತಿ. ತರಗತಿಯಲ್ಲಿ ಗಲಾಟೆ ಎಂದು ಅವನನ್ನು ಹೊರಗೆ ಕಳಿಸುತ್ತಿದ್ದರು. ಹಾಗೆ ಕಳಿಸಿ ಕಳಿಸಿ ಕೊನೆಗೆ ಮೊಗಸಾಲೆಯಲ್ಲೇ ಅವನಿಗೊಂದು ಮೇಜು ಹಾಕಿಸಿಬಿಟ್ಟರು. ಎರಡನೆಯ ತರಗತಿಯ ಆ ಹುಡುಗ ಒಂಟಿಯಾಗಿ ಕುಳಿತು ಚಿತ್ರಕಥೆಗಳನ್ನು ಬರೆಯತೊಡಗಿದ. ಕಾಗದಗಳನ್ನು ಸ್ಟೇಪಲ್ ಮಾಡಿ ಪುಸ್ತಕ ಮಾಡಿದ. ಚಡ್ಡಿ ನಾಯಕ ಹುಟ್ಟಿದ್ದು ಆ ಮೊಗಸಾಲೆಯಲ್ಲಿ. ಅಧ್ಯಾಪಿಕೆ ಅದನ್ನು ಹರಿದುಹಾಕಿದರು. ಇಂಥ ಹುಚ್ಚು ಪುಸ್ತಕ ಬರೆದು ಬದುಕಲಾಗುವುದಿಲ್ಲ ಎಂದೂ ಹೇಳಿದರು. ಇದನ್ನೆಲ್ಲ ಪಿಲ್ಕಿ ತಾವೇ ತಮ್ಮ ಓದುಗ ಮಕ್ಕಳಿಗೆ ಹೇಳಿಕೊಂಡಿದ್ದಾರೆ. ಮನೆಯಲ್ಲಿ ತಾಯಿ ಮಾತ್ರ ಅವನು ಇಷ್ಟಪಟ್ಟ ಯಾವ ಪುಸ್ತಕವನ್ನೂ ಬೇಡ ಎನ್ನಲಿಲ್ಲವಂತೆ.

1997ರಲ್ಲಿ ಆ ಸರಣಿಯ ಮೊದಲ ಪುಸ್ತಕ ಅಚ್ಚಾಯಿತು. ಈವರೆಗೆ ಸರಣಿಯ 8 ಕೋಟಿಗೂ ಹೆಚ್ಚು ಪ್ರತಿಗಳು ಖರ್ಚಾಗಿವೆ. ಅದರಲ್ಲಿ ಜಾರ್ಜ್ ಮತ್ತು ಹೆರಾಲ್ಡ್ ಎಂಬ ಇಬ್ಬರು ತುಂಟರು ಚಿತ್ರಕಥೆ ಬರೆಯುತ್ತಾರೆ, ಕಾಗುಣಿತದ ತುಂಬ ತಪ್ಪುಗಳೊಂದಿಗೆ. ಲೇಖಕರು ಬೇಕೆಂದೇ ತಪ್ಪು ಬರೆಸಿದ್ದಾರೆ. ತಪ್ಪು ಬರೆಯುವ ಮಗುವಿಗೆ ತನ್ನಂತೆಯೇ ತಪ್ಪು ಬರೆಯುವ ನಾಯಕರು ಸಿಕ್ಕರು. 2000ದಲ್ಲಿ ಬಂದ ನಾಲ್ಕನೆಯ ಪುಸ್ತಕದಲ್ಲಿ ಒಬ್ಬ ವಿಜ್ಞಾನಿ ಇದ್ದಾನೆ. ವಸ್ತುಗಳನ್ನು ಕುಗ್ಗಿಸುವ, ಹಿಗ್ಗಿಸುವ ಯಂತ್ರಗಳನ್ನು ಕಂಡುಹಿಡಿದ ಮಹಾ ಪ್ರತಿಭಾವಂತ. ಆದರೆ ಅವನ ಹೆಸರು ಕೇಳಿದರೆ ಯಾರಿಗೂ ನಗು ತಡೆಯಲಾಗದು. ಆ ಹೆಸರನ್ನು ನಾನಂತೂ ಇಲ್ಲಿ ಬರೆಯಲಾರೆ. ನಗುವ ಭರದಲ್ಲಿ ಅವನ ಸಂಶೋಧನೆಯನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಕೊನೆಗೆ ಮಕ್ಕಳ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗುತ್ತಾನೆ, ಮಕ್ಕಳೂ ನಗುತ್ತಾರೆ, ಅವನಿಗೆ ಹುಚ್ಚು ಹಿಡಿಯುತ್ತದೆ. ತರಗತಿಯಲ್ಲಿ ಗಟ್ಟಿಯಾಗಿ ಓದಲು ಎದ್ದುನಿಂತು ತಡವರಿಸಿದ ಮಗುವಿಗೆ ಈ ವಿಜ್ಞಾನಿಯ ಸಂಕಟವನ್ನು ಯಾರೂ ವಿವರಿಸಬೇಕಿಲ್ಲ.

ದೊಡ್ಡವರ ವಿರೋಧವೇನು ಕಡಿಮೆಯಿರಲಿಲ್ಲ. ಅಮೆರಿಕದ ಗ್ರಂಥಾಲಯ ಸಂಘವು ಆಕ್ಷೇಪಕ್ಕೊಳಗಾದ ಪುಸ್ತಕಗಳ ಪಟ್ಟಿಯನ್ನು ಪ್ರತಿವರ್ಷ ಪ್ರಕಟಿಸುತ್ತದೆ. 2012 ಮತ್ತು 2013ರ ಪಟ್ಟಿಗಳಲ್ಲಿ ಮೊದಲ ಸ್ಥಾನ ಈ ಚಡ್ಡಿ ನಾಯಕನದ್ದೇ! ಭಾಷೆ ಸರಿಯಿಲ್ಲ, ಹಿರಿಯರನ್ನು ಗೇಲಿ ಮಾಡುತ್ತದೆ ಎಂಬಂಥ ದೂರುಗಳು. ಅವುಗಳಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ; ಮುಖ್ಯೋಪಾಧ್ಯಾಯರನ್ನು ಮಂಕುಬಡಿಸಿ ಚಡ್ಡಿಯಲ್ಲಿ ಓಡಾಡಿಸುವ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ರುಚಿಸದು. ನನಗೂ ಎಲ್ಲ ಪುಟಗಳು ರುಚಿಸಿಲ್ಲ. ಆದರೆ ಒಂದು ಪುಸ್ತಕವನ್ನೂ ಮುಗಿಸದ ಮಗು ಇದನ್ನು ಮುಗಿಸಿ ಎರಡನೆಯ ಭಾಗ ಎಲ್ಲಿ ಎಂದು ಕೇಳಿದರೆ, ಕೇಳಿದ ಮಗುವಿನ ಕಡೆಗೂ ನೋಡಬೇಕಲ್ಲವೇ?

ಇಲ್ಲಿಯವರೆಗೆ ಹೇಳಿದ ನಗೆಯ ಕಥೆಗಳಲ್ಲಿ ಪ್ರಯೋಗ ಮಾಡಿ ಎಡವುವವರು ಹೆಚ್ಚಾಗಿ ಗಂಡುಮಕ್ಕಳು. ವಿಜ್ಞಾನಿ ಎಂದರೆ ಗಂಡಸು ಎಂಬ ಭಾವನೆ ಎಷ್ಟು ಆಳವಾಗಿತ್ತೆಂಬುದಕ್ಕೆ ಒಂದು ಲೆಕ್ಕ ಕೇಳಿ. ಡೇವಿಡ್ ಚೇಂಬರ್ಸ್ ಎಂಬ ಸಂಶೋಧಕರು 4,807 ಮಕ್ಕಳಿಗೆ 'ವಿಜ್ಞಾನಿಯ ಚಿತ್ರ ಬಿಡಿಸಿ' ಎಂದು ಕೇಳಿ 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಣ್ಣು ವಿಜ್ಞಾನಿಯ ಚಿತ್ರ ಬಿಡಿಸಿದವರು 28 ಮಂದಿ. 28 ಶೇಕಡಾ ಅಲ್ಲ, ಇಪ್ಪತ್ತೆಂಟೇ ಮಕ್ಕಳು. ಆ ಇಪ್ಪತ್ತೆಂಟೂ ಹುಡುಗಿಯರು. ಒಬ್ಬ ಹುಡುಗನೂ ಇರಲಿಲ್ಲ. 1985ರಿಂದೀಚೆಗೆ ನಡೆದ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2018ರಲ್ಲಿ ನೋಡಿದಾಗ ಹೆಣ್ಣು ವಿಜ್ಞಾನಿಯ ಚಿತ್ರಗಳ ಪಾಲು ಸರಾಸರಿ ಶೇಕಡಾ 28ಕ್ಕೆ ಏರಿತ್ತು.

2003ರಲ್ಲಿ ಜಿಮ್ ಬೆಂಟನ್ ಬರೆದ 'ಫ್ರಾನಿ ಕೆ. ಸ್ಟೈನ್' ಬಂದದ್ದು ಈ ನಡುವಿನ ಕಾಲದಲ್ಲಿ. ಹೆಸರನ್ನು ಬೇಗ ಹೇಳಿದರೆ ಫ್ರಾಂಕನ್‌ಸ್ಟೈನ್ ಎಂದು ಕೇಳಿಸುತ್ತದೆ. ಅವಳ ಟೀಚರ ಹೆಸರು ಮಿಸ್ ಶೆಲ್ಲಿ. 1818ರಲ್ಲಿ 'ಫ್ರಾಂಕನ್‌ಸ್ಟೈನ್' ಕಾದಂಬರಿಯನ್ನು ಪ್ರಕಟಿಸಿದ ಮೇರಿ ಶೆಲ್ಲಿಯ ನೆನಪು ಅದು. ಅದನ್ನು ಬರೆಯಲು ಆರಂಭಿಸಿದಾಗ ಮೇರಿಗೆ ಹದಿನೆಂಟು ವರ್ಷ. ಫ್ರಾನಿಯ ಕೋಣೆಯ ತುಂಬ ಬಾವಲಿಗಳು, ಕುದಿಯುವ ಬಾಟಲಿಗಳು. ಹೊಸ ಶಾಲೆಗೆ ಸೇರಿದಾಗ ಮಕ್ಕಳು ಅವಳನ್ನು ಕಂಡು ಹೆದರುತ್ತಾರೆ. ಊಟದ ಡಬ್ಬಿ ವಿಚಿತ್ರ, ಆಟ ವಿಚಿತ್ರ. ಇದನ್ನೂ ಒಂದು ಪ್ರಯೋಗವೆಂದು ತಿಳಿ ಎನ್ನುತ್ತಾರೆ ಟೀಚರ್. ಫ್ರಾನಿ ಉಳಿದ ಮಕ್ಕಳನ್ನು ಗಮನಿಸಿ, ಟಿಪ್ಪಣಿ ಮಾಡಿಕೊಂಡು, ಅವರಂತೆಯೇ ಮೃದು ಹುಡುಗಿಯಾಗಿ ಬದಲಾಗುತ್ತಾಳೆ. ಎಲ್ಲವೂ ಸರಿಹೋಯಿತು ಎನ್ನುವಷ್ಟರಲ್ಲಿ ಕಸದ ತೊಟ್ಟಿಯಿಂದ ರಾಕ್ಷಸನೊಬ್ಬ ಎದ್ದು ಟೀಚರನ್ನು ಹೊತ್ತೊಯ್ಯುತ್ತಾನೆ. ಆಗ ಬೇಕಾದದ್ದು ಮೃದು ಹುಡುಗಿಯಲ್ಲ, ಹಳೆಯ ಫ್ರಾನಿ. ಮಕ್ಕಳ ಡಬ್ಬಿಗಳಲ್ಲಿದ್ದ ಮಾಂಸದ ತುಂಡುಗಳನ್ನೆಲ್ಲ ಹೊಲಿದು ಅವಳು ಇನ್ನೊಂದು ಪ್ರಾಣಿಯನ್ನೇ ಸೃಷ್ಟಿಸಿ ರಾಕ್ಷಸನ ಮೇಲೆ ಬಿಡುತ್ತಾಳೆ.

ಇದರಲ್ಲಿ ವಿಜ್ಞಾನವೆಲ್ಲಿದೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಿಸ್ ಫ್ರಿಝಲ್‌ಳ ಬಸ್ಸಿನಲ್ಲಿ ಸಿಗುವಷ್ಟು ಮಾಹಿತಿ ಇಲ್ಲಿ ಖಂಡಿತ ಸಿಗುವುದಿಲ್ಲ. ಆದರೆ ಗಮನಿಸುವುದು, ಊಹಿಸುವುದು, ಮಾಡಿ ನೋಡುವುದು, ಕೆಟ್ಟಾಗ ಮತ್ತೆ ಮಾಡುವುದು ಎಂಬ ನಡೆ ಇದೆ. ಓದಲಾರದ ಮಗು ದಿನಕ್ಕೆ ಹತ್ತು ಸಲ ಸೋಲುತ್ತದೆ, ಆ ಸೋಲಿಗೆ ಬೈಗುಳ ಸಿಗುತ್ತದೆ. ಡ್ಯಾನಿಯಿಂದ ಫ್ರಾನಿಯವರೆಗೆ ಈ ಕಥೆಗಳಲ್ಲೆಲ್ಲ ಪ್ರಯೋಗ ಕೆಡಲೇಬೇಕು. ಕೆಡದಿದ್ದರೆ ಎರಡನೆಯ ಅಧ್ಯಾಯವೇ ಇಲ್ಲ. ಎಡವಿದವನೇ ಕಥೆಯನ್ನು ಮುಂದಕ್ಕೆ ಒಯ್ಯುವ ಜಗತ್ತನ್ನು ಆ ಮಗು ಬೇರೆಲ್ಲಿ ನೋಡಿದೆ?

ನಮ್ಮ ಕನ್ನಡದಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿದವರು ಇಲ್ಲವೆಂದಲ್ಲ. ಶಿವರಾಮ ಕಾರಂತರು 1936ರಲ್ಲೇ 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು ಒಂಟಿಯಾಗಿ ಸಿದ್ಧಪಡಿಸಿದರು. ನಗಿಸುತ್ತಾ ವಿಜ್ಞಾನ ಹೇಳುವುದರಲ್ಲಿ ಬಿ.ಜಿ.ಎಲ್. ಸ್ವಾಮಿಯವರನ್ನು ಮೀರಿಸಿದವರಿಲ್ಲ, ಸಸ್ಯಗಳನ್ನು ಹುಡುಕಿ ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಿಕವನ್ನು ನಮ್ಮಲ್ಲನೇಕರು ಶಾಲೆಯಲ್ಲಿ ಓದಿದವರೇ. ಇವೆಲ್ಲ ಓದಲು ಬಲ್ಲ ಮಗುವಿಗೆ ಮೃಷ್ಟಾನ್ನ. ಮನೆಯಲ್ಲಿ ಬ್ಯಾರಿಯೋ ಉರ್ದುವೋ ಆಡಿ, ಶಾಲೆಯಲ್ಲಿ ಕನ್ನಡದ ಒತ್ತಕ್ಷರಗಳ ಮುಂದೆ ನಿಲ್ಲುವ ಮೂರನೆಯ ತರಗತಿಯ ಮಗುವಿಗೆ ಸ್ವಾಮಿಯವರ ಹಾಸ್ಯವನ್ನು ತಲುಪಲು ಇನ್ನೂ ಹತ್ತು ವರ್ಷ ಬೇಕು. ಅಷ್ಟು ವರ್ಷ ಅದು ಪುಸ್ತಕದ ಹತ್ತಿರ ಉಳಿದಿರಬೇಕಲ್ಲ.

ಮೊಗಸಾಲೆಯ ಮೇಜಿನ ಕಥೆಯನ್ನು ಓದಿದ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಹಿಂದೊಮ್ಮೆ ಪಾಠದ ನಡುವೆ ಗುಟ್ಟಾಗಿ ಚಿತ್ರ ಬಿಡಿಸುತ್ತಿದ್ದ ಹುಡುಗನ ನೋಟ್‌ಬುಕ್ಕನ್ನು ನಾನೂ ಕಿತ್ತುಕೊಂಡಿದ್ದೆ. ಹರಿಯಲಿಲ್ಲ ನಿಜ, ಆದರೆ ಹಿಂದಕ್ಕೂ ಕೊಡಲಿಲ್ಲ. ಅದರಲ್ಲಿ ಏನಿತ್ತೆಂದು ತೆರೆದೂ ನೋಡಲಿಲ್ಲ.

ಕೆಲವು ತಿಂಗಳ ಹಿಂದೆ ಗ್ರಂಥಾಲಯದ ಅವಧಿಯಲ್ಲಿ ಫ್ರಾನಿಯ ಕಥೆಯನ್ನು ಮಕ್ಕಳಿಗೆ ಬಾಯಲ್ಲೇ ಹೇಳಿದೆ. ಊಟದ ಡಬ್ಬಿಯ ಪ್ರಾಣಿಯನ್ನು ನೀರ್ ದೋಸೆ, ಮೀನಿನ ತುಂಡುಗಳಿಂದ ಕಟ್ಟಿದೆ. ಬೆಂಟನ್ ಅವರ ಅಪ್ಪಣೆ ಕೇಳಲಿಲ್ಲ. ತರಗತಿ ಬಿದ್ದುಬಿದ್ದು ನಕ್ಕಿತು. ಪುಟ ತಿರುವುತ್ತಾ ಕೂರುವ ಆ ಹುಡುಗನೂ ಕಿಟಕಿಯ ಪಕ್ಕದಿಂದ ಎದ್ದು ಮುಂದಿನ ಬೆಂಚಿಗೆ ಬಂದಿದ್ದ. ಗಂಟೆ ಬಾರಿಸಿದ ಮೇಲೆ ಎಲ್ಲರೂ ಹೋದರು, ಅವನು ಹೋಗಲಿಲ್ಲ.

"ಸರ್, ಆ ಪುಸ್ತಕ ಉಂಟಾ?"

ಉಂಟು ಎಂದು ಚೀಲದಿಂದ ತೆಗೆದುಕೊಟ್ಟೆ. ಹೊದಿಕೆಯ ಚಿತ್ರವನ್ನು ನೋಡಿ ನಕ್ಕ. ಒಳಗೆ ತೆರೆದ. ಇಂಗ್ಲಿಷ್ ಅಕ್ಷರಗಳ ಮೇಲೆ ಸ್ವಲ್ಪ ಹೊತ್ತು ಬೆರಳಾಡಿಸಿದ.

"ಕನ್ನಡದ್ದು ಇಲ್ವಾ ಸರ್?"